ಎಮ್ಮೆ ಹಿಂಡು, ದನ ಹೇರಿದ ಪಿಕಪ್: ಘಟ್ಟದ ರಸ್ತೆಯಲ್ಲಿ ನಾನು ದಾಟುವ ರೀತಿ

ದೇವಿಮನೆ ಘಟ್ಟವಿರಲಿ, ಅರಬೈಲು ಘಟ್ಟವಿರಲಿ, ಮುಂದಿನ ಪಿಕಪ್ಪಿನ ಹಿಂಬಾಗಿಲ ಮೇಲೆ ಒಂದು ಜೊತೆ ಕೊಂಬು ಕಂಡಿತೆಂದರೆ ಮೊದಲು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುತ್ತೇನೆ. ಓವರ್‌ಟೇಕ್ ಮಾಡುವ ಯೋಚನೆ ಆಮೇಲೆ. ಸಿಮೆಂಟ್ ಚೀಲ ಹೇರಿದ ಪಿಕಪ್ಪಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಒಂದೊಂದೂ ಮೂರು ನಾಲ್ಕು ಕ್ವಿಂಟಲ್ ತೂಗುವ ಎರಡು ಹಸು ನಿಂತೇ ಇರುತ್ತವೆ. ಕೆಳಗೆ ಸಗಣಿ, ಗಂಜಳದಿಂದ ಜಾರುವ ತಗಡು. ಮೂಗುದಾರವನ್ನೋ ಕೊರಳ ಹಗ್ಗವನ್ನೋ ಒಂದು ಬದಿಗೆ ಕಟ್ಟಿರುತ್ತಾರೆ. ತಿರುವಿನಲ್ಲಿ ಅವು ಒಂದು ಹೆಜ್ಜೆ ಹೊರಳಿದರೂ ಗಾಡಿ ವಾಲುತ್ತದೆ. ಅದನ್ನು ಸರಿದೂಗಿಸಲು ಚಾಲಕ ಸ್ಟೀರಿಂಗ್ ಅನ್ನು ಅರ್ಧ ಗೇಣು ಆಚೀಚೆ ಎಳೆಯುತ್ತಾನೆ. ಆ ಹೊತ್ತಿಗೆ ನೀವು ಅವನ ಪಕ್ಕದಲ್ಲಿದ್ದರೆ ಆ ಅರ್ಧ ಗೇಣು ನಿಮ್ಮ ಬಾಗಿಲಿಗೇ ಬರುತ್ತದೆ.

ಇನ್ನೊಂದು ಮಾತು, ಅವನು ಗಟ್ಟಿಯಾಗಿ ಬ್ರೇಕ್ ಹಾಕುವಂತಿಲ್ಲ. ಹಾಕಿದರೆ ದನ ಮುಗ್ಗರಿಸಿ ಕಾಲು ಮುರಿದುಕೊಳ್ಳುತ್ತದೆ. ಹಾಗಾಗಿ ದಾಟಿದ ಮೇಲೆ ಅವನ ಮೂಗಿಗೆ ತಾಗುವಂತೆ ಎಡಕ್ಕೆ ಕಟ್ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಒಳಗಿನ ಕನ್ನಡಿಯಲ್ಲಿ ಪಿಕಪ್ಪಿನ ಎರಡೂ ಹೆಡ್‌ಲೈಟ್, ಕೆಳಗಿನ ಬಂಪರ್, ಅದರ ಮುಂದೆ ಒಂದಿಷ್ಟು ಡಾಂಬರು ಕಂಡ ಮೇಲೆಯೇ ನಾನು ಎಡಕ್ಕೆ ಬರುವುದು. ಹಿಂದೆ ಇರುವಾಗಲೂ ಅಂಟಿಕೊಂಡು ಹೋಗುವುದಿಲ್ಲ. ಅಂಟಿಕೊಂಡವರ ಗಾಜಿಗೆ ಹೇಗೂ ಗಂಜಳದ ಪ್ರೋಕ್ಷಣೆ ಆಗುತ್ತದೆ.

ಎಷ್ಟು ಜಾಗ ಬೇಕು ಎಂಬ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಪಿಕಪ್ ಗಂಟೆಗೆ 30 ಕಿ.ಮೀ., ನೀವು 45. ವ್ಯತ್ಯಾಸ 15, ಅಂದರೆ ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ. ಹಿಂದೆ ಬಿಟ್ಟ ಅಂತರ 20 ಮೀಟರ್, ಪಿಕಪ್ಪಿನ ಉದ್ದ 5, ನಿಮ್ಮ ಕಾರು 4, ಮುಂದೆ ಬಿಡಬೇಕಾದ್ದು 20, ಒಟ್ಟು 49 ಮೀಟರ್. ಅಷ್ಟು ಮುಂದೆ ಸಾಗಲು 12 ಸೆಕೆಂಡ್ ಬೇಕು. ಆ 12 ಸೆಕೆಂಡಿನಲ್ಲಿ ನೀವು 150 ಮೀಟರ್ ಓಡಿರುತ್ತೀರಿ, ಎದುರಿನಿಂದ 60ರಲ್ಲಿ ಬರುವ ಬಸ್ಸು 200 ಮೀಟರ್ ಓಡಿರುತ್ತದೆ. 350 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕು. ಘಟ್ಟದ ತಿರುವುಗಳ ನಡುವೆ ಅಷ್ಟು ನೇರ ಎಲ್ಲಿಂದ ಬರಬೇಕು? ನಾಲ್ಕು ಜನ ಕೂತ ಸಣ್ಣ ಕಾರಿಗೆ ಏರಿನಲ್ಲಿ ಆ 15 ಕಿ.ಮೀ. ವ್ಯತ್ಯಾಸವೂ ಸಿಗುವುದಿಲ್ಲ. ಅದಕ್ಕೇ ಘಟ್ಟ ಮುಗಿಯುವವರೆಗೆ ಹಿಂದೆಯೇ ಇರುತ್ತೇನೆ. ನಡುವೆ ಅಗಲವಾದ ಜಾಗ ಸಿಕ್ಕಿ ಅವನೇ ಎಡಕ್ಕೆ ಸರಿದರೆ ಮಾತ್ರ ದಾಟುತ್ತೇನೆ. ನಡುಗೆರೆ ಬಿಡದೆ ಎಳೆದಿದ್ದಲ್ಲಿ ಆ ಮಾತೂ ಇಲ್ಲ.

ಸೈಡ್ ಕೇಳುವುದು ಡಿಪ್ಪರಿನಿಂದ, ಹಗಲಾದರೂ ಸರಿ. ಹಾರ್ನ್ ಬೇಕೇ ಬೇಕೆಂದರೆ ದೂರದಿಂದ ಒಂದು ಸಣ್ಣ ಪೀಂ. ಪಕ್ಕಕ್ಕೆ ಬಂದ ಮೇಲೆ ಹಾರ್ನ್ ಮುಟ್ಟಬಾರದು, ದನದ ಕಿವಿ ನಿಮ್ಮ ಬಾನೆಟ್ಟಿನಿಂದ ಎರಡು ಮಾರು ದೂರದಲ್ಲಿರುತ್ತದೆ. ಅವನ ಬಲ ಇಂಡಿಕೇಟರ್ ನಂಬಿ ನುಗ್ಗಬೇಡಿ. ನಮ್ಮ ಕಡೆ ಅದಕ್ಕೆ ಮೂರು ಅರ್ಥ: ಕೆಲವರಿಗೆ 'ಬಾ', ಕೆಲವರಿಗೆ 'ಎದುರು ಗಾಡಿ ಇದೆ, ಬರಬೇಡ', ಇನ್ನು ಕೆಲವರು ನಿಜವಾಗಿಯೂ ಬಲಕ್ಕೆ ತೋಟದ ದಾರಿಗೆ ತಿರುಗುವವರು. ಕೈ ಹೊರಗೆ ಹಾಕಿ ಬೀಸಿದರೆ, ಗಾಡಿಯೂ ಎಡಕ್ಕೆ ಸರಿದರೆ, ರಸ್ತೆ ನನ್ನ ಕಣ್ಣಿಗೂ ಖಾಲಿ ಕಂಡರೆ, ಆಗ ಹೊರಡುತ್ತೇನೆ.

ಹಿಂಡಿನ ಸಂಗತಿ ಬೇರೆ. ಯಲ್ಲಾಪುರ, ಮುಂಡಗೋಡ ಕಡೆ ಗೌಳಿಗರ ಎಮ್ಮೆಗಳು ಸಂಜೆ ಕಾಡಿನಿಂದ ತಿರುಗಿ ಬರುವ ಹೊತ್ತಿಗೆ ಇಡೀ ರಸ್ತೆ ಅವುಗಳದ್ದೇ. ದನ, ಎಮ್ಮೆಗಳಿಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಸರಿಯಾಗಿ ಬಾಲದ ಹಿಂದೆ ಮಾತ್ರ ಕಾಣುವುದಿಲ್ಲ. ಸದ್ದು ಕೇಳುತ್ತದೆ, ವಸ್ತು ಕಾಣುವುದಿಲ್ಲ, ಬೆದರುವುದು ಆಗಲೇ. ಆದ್ದರಿಂದ ನೇರ ಹಿಂದಿನಿಂದ ಹೋಗದೆ ಒಂದು ಬದಿಗೆ ಸರಿದು, ಅವುಗಳ ಕಣ್ಣಿಗೆ ಬೀಳುವಂತೆ, ಮೊದಲ ಗೇರಿನಲ್ಲಿ ಮನುಷ್ಯ ನಡೆಯುವ ವೇಗದಲ್ಲಿ ಸಾಗುತ್ತೇನೆ.

ಹೆಚ್ಚಿನವರು ಎಡವುವುದು ಭುಜದ ಹತ್ತಿರ. ಗಾಡಿ ಎಮ್ಮೆಯ ಭುಜಕ್ಕಿಂತ ಹಿಂದೆ ಇರುವಷ್ಟು ಹೊತ್ತು ಅದು ಮುಂದಕ್ಕೇ ಓಡುತ್ತದೆ. ನೀವು ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸುತ್ತದೆ, ಮುಂದಿನ ನಾಲ್ಕನ್ನೂ ಓಡಿಸುತ್ತದೆ, ಕೊನೆಗೆ ಅದರಲ್ಲೊಂದು ನಿಮ್ಮ ಮುಂದೆಯೇ ಅಡ್ಡ ತಿರುಗುತ್ತದೆ. ಓಡತೊಡಗಿತೋ, ನಿಂತುಬಿಡಿ. ಎರಡು ಉಸಿರಿನಷ್ಟು ಹೊತ್ತಿಗೆ ಅದು ಮತ್ತೆ ನಡಿಗೆಗೆ ಬರುತ್ತದೆ. ಆಗ ಮೆಲ್ಲಗೆ ಭುಜ ದಾಟಿದರೆ ಅದು ತಾನೇ ತಡೆದು ಹಿಂದೆ ಉಳಿಯುತ್ತದೆ.

ಒಂದು ಎಮ್ಮೆ ರಸ್ತೆ ದಾಟಿತೆಂದರೆ ಉಳಿದವೂ ದಾಟುತ್ತವೆ ಎಂದೇ ಎಣಿಸಬೇಕು. ತಾಯಿ ಈಚೆ, ಕರು ಆಚೆ ಇದ್ದರೆ ನಡುವೆ ಗಾಡಿ ತೂರಿಸಬಾರದು. ಕಾಯುವವನನ್ನು ಮೊದಲು ಹುಡುಕಿ. ಗಾಜು ಇಳಿಸಿ "ಅಣ್ಣ, ಹೋಗ್ಲಾ?" ಎಂದರೆ ಅವನೇ ಕೋಲು ಹಿಡಿದು ಹಿಂಡನ್ನು ಒಂದು ಬದಿಗೆ ಒತ್ತುತ್ತಾನೆ. ಅವನು ಕೈಯೆತ್ತಿ ನಿಲ್ಲಿಸಿದರೆ ನಿಲ್ಲಲೇಬೇಕು. ಪ್ರಾಣಿ ಬೆದರಿ ಕೈ ಮೀರಬಹುದೆಂದು ಅದರ ಜೊತೆಗಿದ್ದವನು ಹೇಳಿದರೆ ಚಾಲಕ ಗಾಡಿ ನಿಲ್ಲಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 132ನೇ ಕಲಮಿನಲ್ಲೇ ಇದೆ. ಹಿಂಡು ಎದುರಿನಿಂದ ಬಂದರೆ ಇನ್ನೂ ಸುಲಭ: ಎಡಕ್ಕೆ ನಿಲ್ಲಿಸಿ, ಹೆಡ್‌ಲೈಟ್ ಡಿಮ್ ಮಾಡಿ, ಇಂಜಿನ್ನನ್ನು ರೇಸ್ ಮಾಡದೆ ಸುಮ್ಮನಿದ್ದರೆ ನೀರಿನ ಹಾಗೆ ಎರಡೂ ಬದಿಯಲ್ಲಿ ಹರಿದು ಹೋಗುತ್ತವೆ. ಕನ್ನಡಿ ಮಡಚಿಡಿ. ಹಿಂದೆ ಬಿದ್ದ ಕರುವೊಂದು ಓಡಿ ಬರುವುದು ಇದ್ದೇ ಇರುತ್ತದೆ, ಅದು ಬರುವವರೆಗೆ ಕ್ಲಚ್ ಬಿಡಬೇಡಿ.

ಕತ್ತಲಾದ ಮೇಲೆ ಕಪ್ಪು ಎಮ್ಮೆ ಒದ್ದೆ ಡಾಂಬರಿನ ಮೇಲೆ ಕಾಣುವುದೇ ಇಲ್ಲ. ತಲೆ ನಿಮ್ಮ ಕಡೆ ತಿರುಗಿದ್ದರೆ ಮಾತ್ರ ಕಣ್ಣು ಹೊಳೆದೀತು. ಅದರ ಬದಲು ಹಸಿ ಸಗಣಿ ನೋಡಿ. ರಸ್ತೆಯಲ್ಲಿ ಹಸಿ ಸಗಣಿಯ ಸಾಲು ಶುರುವಾದರೆ ಮುಂದಿನ ತಿರುವಿನಲ್ಲಿ ಹಿಂಡಿದೆ ಎಂದು ತಿಳಿದು ಎರಡನೇ ಗೇರಿಗೆ ಇಳಿಯುತ್ತೇನೆ. ಬೈಕಿನಲ್ಲಿದ್ದಾಗ ಆ ಸಗಣಿಯೇ ದೊಡ್ಡ ಅಪಾಯ. ಮಳೆಯಲ್ಲಿ ಅದು ಸೋಪಿನ ಹಾಗೆ. ಅದರ ಮೇಲೆ ಹ್ಯಾಂಡಲ್ ನೇರ ಇಡಬೇಕು, ಮುಂದಿನ ಬ್ರೇಕ್ ಮುಟ್ಟಬಾರದು. ವೇಗ ಇಳಿಸುವುದೆಲ್ಲ ಸಗಣಿ ತಲುಪುವ ಮೊದಲೇ ಮುಗಿದಿರಬೇಕು.