ಬಿಬ್ ಬಣ್ಣದಿಂದ ಶುರು ಮಾಡಿದೆ

ಕ್ರೀಡಾ ಕ್ಲಬ್‌ಗಳಿಗೆ, ಕಾಲೇಜುಗಳ ಕ್ರೀಡಾ ವಿಭಾಗಗಳಿಗೆ ವೈವಿಧ್ಯದ ಬಗ್ಗೆ ತರಬೇತಿ ಕೊಡುವುದು ನನ್ನ ಕೆಲಸ. ಬೇರೆ ಬೇರೆ ಮೈಬಣ್ಣ, ಧರ್ಮ, ಭಾಷೆಯವರು, ಹೆಣ್ಣುಮಕ್ಕಳು, ಅಂಗವಿಕಲರು ಎಲ್ಲರೂ ಆಡುವ ಕಡೆ ಯಾರೂ ಮೂಲೆಗೆ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಕೋಚ್‌ಗಳ ಜೊತೆ ಕೂತು ಮಾತಾಡುತ್ತೇನೆ. ಈಗ ಇಷ್ಟು ಸುಲಭವಾಗಿ ಹೇಳುತ್ತೇನೆ. ಮೊದಲ ಸಲ ಅರವತ್ತು ಸ್ಲೈಡ್ ಹೊತ್ತುಕೊಂಡು ಹೋಗಿದ್ದೆ!

ಹಾಜರಿ ಕಡ್ಡಾಯ ಮಾಡಿದ್ದರು. ಪ್ರಾಕ್ಟೀಸ್ ಮುಗಿಸಿ ಬಂದ ಕೋಚ್‌ಗಳು ಕೊನೇ ಸಾಲಿನಿಂದ ಕೂರುತ್ತಾ ಬಂದರು. ಸೀಟಿ ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ನಾನು 'ಸುಪ್ತ ಪೂರ್ವಗ್ರಹ', ಅಂದರೆ ನಮಗೇ ಗೊತ್ತಿಲ್ಲದೆ ಮನಸ್ಸಿನಲ್ಲಿ ಕೂತ ಭೇದಭಾವ, ಅಂತ ಶುರು ಮಾಡಿದ ಹತ್ತನೇ ನಿಮಿಷಕ್ಕೆ ಒಬ್ಬರು ಕೈ ಎತ್ತಿದರು. "ನಾವು ಆಟ ನೋಡ್ತೀವಿ, ಮುಖ ನೋಡಲ್ಲ. ನಮ್ಮಿಂದ ಏನು ತಪ್ಪಾಗಿದೆ, ಹೇಳಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮೈದಾನಕ್ಕೆ ನಾನು ಕಾಲೇ ಇಟ್ಟಿರಲಿಲ್ಲ, ಉತ್ತರ ಎಲ್ಲಿಂದ ಬರಬೇಕು?

ಬಲವಂತದ ತರಬೇತಿಯಿಂದ ಜಾಸ್ತಿ ಏನೂ ಬದಲಾಗುವುದಿಲ್ಲ, ಕೆಲವೊಮ್ಮೆ ಜನ ಸಿಟ್ಟಾಗಿ ಇನ್ನಷ್ಟು ಗಟ್ಟಿಯಾಗುತ್ತಾರೆ ಎಂದು ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೆವ್ ಅಮೆರಿಕದ ಕಂಪನಿಗಳನ್ನು ನೋಡಿ ಬರೆದಿದ್ದಾರೆ. ಅದನ್ನು ನಾನು ಓದಿದ್ದು ಆಮೇಲೆ. ಮೊದಲೇ ಓದಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಮುಂದಿನ ಕ್ಲಬ್‌ಗೆ ಒಂದು ಷರತ್ತು ಹಾಕಿದೆ. ಮೊದಲು ಒಂದು ವಾರ ಸುಮ್ನೆ ಕೂತು ಪ್ರಾಕ್ಟೀಸ್ ನೋಡುತ್ತೇನೆ, ಮಾತು ಆಮೇಲೆ.

ಅದು ಫುಟ್‌ಬಾಲ್ ತಂಡ. ಹುಡುಗರನ್ನು ಎರಡು ಗುಂಪು ಮಾಡಿ ಒಂದಕ್ಕೆ ಕೆಂಪು ಬಿಬ್, ಇನ್ನೊಂದಕ್ಕೆ ಹಸಿರು ಬಿಬ್ ಕೊಡುತ್ತಿದ್ದರು. ಬಿಬ್ ಅಂದರೆ ಯಾರು ಯಾವ ಕಡೆ ಅಂತ ಗೊತ್ತಾಗಲು ಅಂಗಿ ಮೇಲೆ ಹಾಕುವ ತೋಳಿಲ್ಲದ ಬಣ್ಣದ ಬಟ್ಟೆ. ಒಬ್ಬ ಹುಡುಗ ಚೆನ್ನಾಗಿ ಓಡುತ್ತಿದ್ದ, ಚೆಂಡನ್ನೂ ಚೆನ್ನಾಗಿ ಹಿಡಿತದಲ್ಲಿ ಇಟ್ಟುಕೊಳ್ಳುತ್ತಿದ್ದ. ಆದರೆ ಪಾಸ್ ಕೊಡುವ ಮುಂಚೆ ಅರೆಗಳಿಗೆ ತಡೆಯುತ್ತಿದ್ದ. ಎರಡು ಸಲ ಎದುರಾಳಿಗೇ ಕೊಟ್ಟ. ಕೋಚ್ ಕೂಗಿದರು: "ಕಣ್ಣು ಎಲ್ಲಿಟ್ಟಿದ್ದೀಯೋ?"

ಪ್ರಶ್ನೆ ಸರಿಯಾಗೇ ಇತ್ತು, ಕೇಳಿದ ರೀತಿ ಮಾತ್ರ ತಪ್ಪು. ನನಗೆ ಅನುಮಾನ ಬಂತು. ಆದರೆ ಆ ಹುಡುಗನ ಹೆಸರು ಎತ್ತಲಿಲ್ಲ. ಮೈದಾನದ ಒಂದು ಫೋಟೋ ತೆಗೆದು, ಬಣ್ಣಗುರುಡು ಇರುವವರಿಗೆ ಹೇಗೆ ಕಾಣುತ್ತದೋ ಹಾಗೆ ತೋರಿಸುವ ಫಿಲ್ಟರ್ ಹಾಕಿ ಇಟ್ಟುಕೊಂಡೆ. ತರಬೇತಿಯ ದಿನ ಆ ಒಂದೇ ಚಿತ್ರ ಪರದೆ ಮೇಲೆ ಹಾಕಿ, "ಇದರಲ್ಲಿ ಯಾರು ಯಾವ ಟೀಮು?" ಅಂತ ಕೇಳಿದೆ. ಎರಡೂ ಬಿಬ್‌ಗಳು ಒಂದೇ ಕೆಸರು ಬಣ್ಣ. ಯಾರಿಗೂ ಹೇಳಲು ಆಗಲಿಲ್ಲ. ಆಗ ಹಿಂದಿನಿಂದ ಸಹಾಯಕ ಕೋಚ್ ಮೆಲ್ಲಗೆ, "ನನಗೆ ಮೊದಲಿಂದಲೂ ಹೀಗೇ ಕಾಣೋದು" ಎಂದರು. ಪಕ್ಕದಲ್ಲಿ ಕೂತಿದ್ದ ಮುಖ್ಯ ಕೋಚ್ ಅವರ ಕಡೆ ತಿರುಗಿದರು. ಆರು ವರ್ಷ ಜೊತೆಗೆ ಕೆಲಸ ಮಾಡಿದವರು, ಗೊತ್ತೇ ಇರಲಿಲ್ಲವಂತೆ.

ಇದೇನು ಅಪರೂಪವಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು-ಹಸಿರಿನ ಗೊಂದಲ ಇರುತ್ತದೆ. ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ.

ಈಗ ಎಲ್ಲಿ ಹೋದರೂ ಬಿಬ್‌ನಿಂದಲೇ ಶುರು ಮಾಡುತ್ತೇನೆ. ಅಲ್ಲಿ ಯಾರೂ ಕೆಟ್ಟವರಲ್ಲ. ಬೇಕು ಅಂತ ಯಾರೂ ಮಾಡಿದ್ದಲ್ಲ. ಆದರೂ ಒಬ್ಬ ಹುಡುಗ ದಿನಾ ಬೈಸಿಕೊಳ್ಳುತ್ತಿದ್ದ. ಇದನ್ನು ಒಪ್ಪಿದ ಕೋಚ್ ಮುಂದಿನ ಮಾತಿಗೆ ಎದೆ ಸೆಟೆಸಿ ಕೂರುವುದಿಲ್ಲ.

ಮುಂದಿನ ಮಾತು ಬಟ್ಟೆಯದು. 2021ರಲ್ಲಿ ನಾರ್ವೆಯ ಹೆಣ್ಣುಮಕ್ಕಳು ಬೀಚ್ ಹ್ಯಾಂಡ್‌ಬಾಲ್‌ನಲ್ಲಿ ಬಿಕಿನಿ ಬದಲು ಶಾರ್ಟ್ಸ್ ಹಾಕಿ ಆಡಿದ್ದಕ್ಕೆ 1,500 ಯೂರೋ ದಂಡ ಬಿತ್ತು. ಅದೇ ವರ್ಷ ದಟ್ಟ ಗುಂಗುರು ಕೂದಲಿಗೆ ಹೊಂದುವ ದೊಡ್ಡ ಈಜು ಟೋಪಿ ಒಲಿಂಪಿಕ್ಸ್‌ಗೆ ಬೇಡ ಎಂದು ಅಂತರರಾಷ್ಟ್ರೀಯ ಈಜು ಸಂಸ್ಥೆಯವರು ಹೇಳಿದ್ದರು, ಮರುವರ್ಷ ಒಪ್ಪಿಕೊಂಡರು. ಬಿಳಿ ಬಿಟ್ಟು ಬೇರೆ ಬಣ್ಣ ಮುಟ್ಟದ ವಿಂಬಲ್ಡನ್ ಕೂಡ 2023ರಿಂದ ಹೆಣ್ಣುಮಕ್ಕಳು ಒಳಗೆ ಗಾಢ ಬಣ್ಣದ ಶಾರ್ಟ್ಸ್ ಹಾಕಬಹುದು ಎಂದಿತು. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆಯ ಚಿಂತೆ ಏನು ಅಂತ ಗಂಡು ಕೋಚ್‌ಗಳಿಗೆ ವಿವರಿಸುವುದೇ ಬೇಕಿಲ್ಲ. ಈ ಸುದ್ದಿ ಹೇಳಿದರೆ ಸಾಕು, ತಮ್ಮ ಜೆರ್ಸಿ ಆರ್ಡರ್ ಹಾಳೆಯನ್ನು ಅವರೇ ತೆಗೆದು ನೋಡುತ್ತಾರೆ.

ಕಷ್ಟ ಆಗುವುದು ಹೆಸರಿನ ವಿಷಯ. ಕ್ರಿಕೆಟಿಗ ಚೇತೇಶ್ವರ ಪೂಜಾರ ಇಂಗ್ಲೆಂಡಿನ ಯಾರ್ಕ್‌ಷೈರ್ ತಂಡಕ್ಕೆ ಆಡುವಾಗ ಹೆಸರು ಬಾಯಿಗೆ ಬರಲ್ಲ ಅಂತ 'ಸ್ಟೀವ್' ಅಂದುಬಿಟ್ಟಿದ್ದರು. ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ಆಮೇಲೆ ನಾನು ಅವರದೇ ತಂಡದ ಪಟ್ಟಿ ಕೊಟ್ಟು ಜೋರಾಗಿ ಓದಿ ಎನ್ನುತ್ತೇನೆ. ಯಾವ ಹೆಸರಿಗೆ ನಾಲಿಗೆ ತಡವರಿಸುತ್ತದೆ, ಯಾರ ಹೆಸರು ಅರ್ಧ ಆಗಿದೆ, ಯಾರನ್ನು ಮೈಬಣ್ಣ ಹಿಡಿದು ಕರೆಯುತ್ತಾರೆ ಎಲ್ಲ ಅಲ್ಲೇ ಹೊರಗೆ ಬೀಳುತ್ತದೆ. ಒಮ್ಮೆ ತಂಡದ ಫಿಸಿಯೋ ಒಬ್ಬರು ಎದ್ದು ಹೋಗಿ ಆಟಗಾರನನ್ನೇ ಕೇಳಿ ಬಂದರು. ಎರಡು ಸೀಸನ್‌ನಿಂದ ತಪ್ಪು ಹೆಸರು ಕರೆಯುತ್ತಿದ್ದರಂತೆ. ಅವನು "ಪರವಾಗಿಲ್ಲ" ಎಂದನಂತೆ.

ಈ 'ಪರವಾಗಿಲ್ಲ'ವನ್ನು ನಾನು ನಂಬುವುದಿಲ್ಲ. ತಂಡದಲ್ಲಿ ಜಾಗ ಕೊಡುವವರ ಎದುರು ಯಾರು ತಾನೇ ಬಾಯಿ ಬಿಡುತ್ತಾರೆ? ಅದಕ್ಕೇ ದೂರು ಕೇಳುವವರು ಸೆಲೆಕ್ಷನ್‌ನಲ್ಲಿ ಇರಬಾರದು ಅಂತ ಪ್ರತಿ ಕಡೆ ಹಟ ಹಿಡಿಯುತ್ತೇನೆ. ಉಳಿದ ಯಾವ ಸಲಹೆ ಬಿಟ್ಟರೂ ಇದೊಂದನ್ನು ಬಿಡಬೇಡಿ ಎನ್ನುತ್ತೇನೆ.

ನಾನೂ ಎಡವಿದ್ದೇನೆ. ಒಂದು ಕಡೆ ತಂಡದಲ್ಲಿದ್ದ ಒಬ್ಬಳೇ ಹಿಜಾಬ್ ಹಾಕುವ ಹುಡುಗಿಯನ್ನು ಎಲ್ಲರ ಮುಂದೆ, "ನಿನ್ನ ಅನುಭವ ಹೇಳಮ್ಮಾ" ಎಂದುಬಿಟ್ಟೆ. ಬಾಸ್ಕೆಟ್‌ಬಾಲ್‌ನಲ್ಲಿ ತಲೆಬಟ್ಟೆಗೆ ಅಂತರರಾಷ್ಟ್ರೀಯ ಅನುಮತಿ ಸಿಕ್ಕಿದ್ದೇ 2017ರಲ್ಲಿ, ಅವಳಿಗೆ ಹೇಳಲು ಬೇಕಾದಷ್ಟು ಇರುತ್ತದೆ ಎಂಬ ಲೆಕ್ಕಾಚಾರ ನನ್ನದು. ಅವಳು ಶೂ ಲೇಸ್ ನೋಡುತ್ತಾ ನಿಂತಳು. ಎರಡು ದಿನ ಪ್ರಾಕ್ಟೀಸ್‌ಗೆ ಬರಲಿಲ್ಲ. ಮೂರನೇ ದಿನ ಸಿಕ್ಕಿದಾಗ ಕ್ಷಮೆ ಕೇಳಿದೆ. "ನಾನು ಮೂರು ಪಾಯಿಂಟ್ ಶಾಟ್ ಚೆನ್ನಾಗಿ ಹಾಕ್ತೀನಿ, ಅದರ ಬಗ್ಗೆ ಯಾರೂ ಕೇಳಲ್ಲ" ಎಂದಳು. ಅಂದಿನಿಂದ ಯಾರನ್ನೂ ಎದ್ದು ನಿಲ್ಲಿಸಿಲ್ಲ.

ಕೊನೆಗೆ ವೇಳಾಪಟ್ಟಿ ಬಿಡಿಸುತ್ತೇವೆ. ಮೂರು ತಿಂಗಳ ಮೈದಾನದ ಹಂಚಿಕೆಯನ್ನು ಬೋರ್ಡ್ ಮೇಲೆ ಬರೆದರೆ ಸಾಕು. ಒಂದು ಕ್ಲಬ್‌ನಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಯಾವಾಗಲೂ ಕೊನೇ ಪಾಳಿ, ಅದೂ ಅರ್ಧ ದೀಪ ಆರಿಸಿದ ಮೇಲೆ. ಯಾರೂ ತೀರ್ಮಾನ ಮಾಡಿದ್ದಲ್ಲ, ಹಳೇ ಪಟ್ಟಿಯನ್ನೇ ವರ್ಷಾವರ್ಷ ನಕಲು ಮಾಡುತ್ತಾ ಬಂದಿದ್ದರು. ಕೋಚ್ ಅಲ್ಲೇ ಬೋರ್ಡ್ ಒರೆಸಿ, ವಾರ ಬಿಟ್ಟು ವಾರ ಪಾಳಿ ಬದಲು ಮಾಡಿದರು. ಹದಿನೈದು ದಿನ ಬಿಟ್ಟು ಅವರಿಂದ ಫೋನ್ ಬಂತು. ಕತ್ತಲಲ್ಲಿ ಚೆಂಡು ಕಾಣಲ್ಲ ಅಂತ ಗಂಡು ಮಕ್ಕಳ ತಂಡದವರು ಬರೆದು ಕೊಟ್ಟಿದ್ದರಂತೆ. ಅದು ಆ ಕ್ಲಬ್‌ಗೆ ದೀಪದ ಬಗ್ಗೆ ಬಂದ ಮೊದಲ ದೂರು.