ಕೆರೆ ಇಳಿದಂತೆ ಕಂಡ ಗೆರೆಗಳು

"ಸಮೋನ್ನತಿ ರೇಖೆ ಎಂದರೇನು?" ಎಂದು ಕೇಳಿದರೆ ನನ್ನ ವಿದ್ಯಾರ್ಥಿಗಳು ಒಂದೇ ಉಸಿರಿಗೆ ಉತ್ತರ ಹೇಳುತ್ತಿದ್ದರು. "ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ಕಾಲ್ಪನಿಕ ರೇಖೆ, ಸಾರ್." ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಅದೇ ಹುಡುಗರ ಮುಂದೆ ಸರ್ವೇ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ ಹಾಸಿ, "ಈ ಹೊಳೆ ಯಾವ ಕಡೆಗೆ ಹರಿಯುತ್ತದೆ?" ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬ ಧೈರ್ಯ ಮಾಡಿ ಹೇಳಿದ: "ಮೇಲಿನಿಂದ ಕೆಳಕ್ಕೆ ಸಾರ್, ಉತ್ತರದಿಂದ ದಕ್ಷಿಣಕ್ಕೆ." ನಕ್ಷೆಯಲ್ಲಿ ಮೇಲಿರುವುದೇ ಎತ್ತರದ ಜಾಗ ಎಂದುಕೊಂಡಿದ್ದ. ಅವನು ಬೆರಳಿಟ್ಟಿದ್ದು ಜಯಮಂಗಲಿ ಮೇಲೆ. ಅದು ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಹೊಳೆ. ಅವನ ಊರು ಅದರ ದಡದಲ್ಲೇ ಇದೆ, ಮಳೆಗಾಲದಲ್ಲಿ ಅದನ್ನು ದಾಟಿಯೇ ಕಾಲೇಜಿಗೆ ಬರುತ್ತಾನೆ.

ಆವತ್ತು ಸಂಜೆ ಮನೆಗೆ ಹೋದರೂ ಅದೇ ತಲೆಯಲ್ಲಿತ್ತು. ತುಮಕೂರು ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಅಲ್ಲಿಯವರೆಗೆ ನಾನು ಕಲಿಸಿದ್ದು ನಕ್ಷೆ ಓದುವುದನ್ನಲ್ಲ, ನಕ್ಷೆಯ ಬಗ್ಗೆ ಬರೆಯುವುದನ್ನು. ಚಿಹ್ನೆಗಳ ಪಟ್ಟಿ ಬಾಯಿಪಾಠ, ರೆಕಾರ್ಡ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲ್ಲಿನ ಚಿತ್ರ, ಪ್ರಾಯೋಗಿಕ ಪರೀಕ್ಷೆ, ಅಲ್ಲಿಗೆ ಮುಗಿಯಿತು.

ದಾರಿ ತೋರಿಸಿದ್ದು ನಮ್ಮೂರ ಕೆರೆ. ಒಂದು ಬೇಸಿಗೆಯಲ್ಲಿ ಏರಿ ಮೇಲೆ ನಡೆಯುವಾಗ ನೋಡಿದೆ. ನೀರು ಇಳಿಯುತ್ತಾ ಹೋದ ಹಾಗೆ ಅಂಗಳದ ಮಣ್ಣಿನಲ್ಲಿ ಒಂದರೊಳಗೊಂದು ಗೆರೆ ಬಿಟ್ಟಿತ್ತು. ಒಣಗಿದ ಪಾಚಿಯ ಒಂದು ಸಾಲು, ಅದರೊಳಗೆ ಕಸಕಡ್ಡಿಯ ಇನ್ನೊಂದು, ಅದರೊಳಗೆ ಇನ್ನೂ ಹಸಿಯಾಗಿದ್ದ ಮತ್ತೊಂದು. ನಿಂತ ನೀರಿನ ಅಂಚು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿರಲೇಬೇಕು. ಅಂದಮೇಲೆ ಆ ಪ್ರತಿಯೊಂದು ಗೆರೆಯೂ ಸಮೋನ್ನತಿ ರೇಖೆಯೇ. ಕಾಲ್ಪನಿಕ ಎಂದು ಹದಿನೈದು ವರ್ಷ ಪಾಠ ಹೇಳಿದ ರೇಖೆ ಕಾಲ ಕೆಳಗೇ ಇತ್ತು.

ಮುಂದಿನ ನವೆಂಬರಿನಲ್ಲಿ ಶುರು ಮಾಡಿದೆವು. ನೀರಿನಲ್ಲಿ ಒಂದು ಗೂಟ ನೆಟ್ಟು ಅದಕ್ಕೆ ಗೇಣಿಗೊಂದು ಗುರುತು ಹಾಕಿದೆವು. ನೀರು ಒಂದು ಗೇಣು ಇಳಿದಾಗಲೆಲ್ಲ ಹುಡುಗರು ಅಂಚಿನುದ್ದಕ್ಕೂ ನಡೆದು ಐದು ಹೆಜ್ಜೆಗೊಂದು ಕಲ್ಲು ಇಡುವುದು, ಇಷ್ಟೇ ಕೆಲಸ. ಮೊದಲು ಸುಣ್ಣದ ಪುಡಿ ಹಾಕಿ ನೋಡಿದ್ದೆವು. ಇಬ್ಬನಿಗೆ ಕರಗಿತು, ಉಳಿದದ್ದನ್ನು ದನ ತುಳಿದವು. ಹಾಗಾಗಿ ಕಲ್ಲು. ಟೋಪೋಶೀಟಿನಲ್ಲಿ ಎರಡು ರೇಖೆಗಳ ನಡುವಿನ ಲಂಬ ಅಂತರ 20 ಮೀಟರ್, ನಮ್ಮದರಲ್ಲಿ ಒಂದು ಗೇಣು. ಎರಡನೇ ಸಾಲು ಇಡುವ ಹೊತ್ತಿಗೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು, "ಏನ್ ಮೇಷ್ಟ್ರೇ, ಕೆರೆ ಅಳತೆ ಮಾಡ್ತಿದ್ದೀರಾ? ಒತ್ತುವರಿ ಬಿಡಿಸ್ತಾರಂತಾ?" ಎಂದು ಕೇಳಿದರು. ವಿಷಯ ಹೇಳಿದ ಮೇಲೆ ಕೋಲು ಊರಿಕೊಂಡು ಕೂತರು. "ನಮ್ಮಪ್ಪ ಈ ಸಾಲು ನೋಡ್ಕಂಡೇ ಅಂಗಳದಾಗೆ ಸೌತೆ ಬಳ್ಳಿ ಹಾಕ್ತಿದ್ದ. ನೀರು ಎಷ್ಟು ಇಳೀತೋ ಅಷ್ಟು ಕೆಳಕ್ಕೆ ಬೀಜ."

ಫೆಬ್ರವರಿ ಹೊತ್ತಿಗೆ ನಾಲ್ಕು ಸಾಲು ಆದವು. ಕಲ್ಲುಗಳಿಗೆ ಸುಣ್ಣ ಬಳಿದು ಎಲ್ಲರೂ ಏರಿ ಹತ್ತಿ ನಿಂತೆವು. ಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. ಏರಿಯ ಕಲ್ಲುಕಟ್ಟಿನ ಹತ್ತಿರ ನಾಲ್ಕೂ ಸಾಲು ಒಂದಕ್ಕೊಂದು ಅಂಟಿಕೊಂಡಿದ್ದವು. ಎದುರುಗಡೆ, ಹಳ್ಳ ಬಂದು ಸೇರುವ ಕಡೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಮೂವತ್ತು ನಲವತ್ತು ಹೆಜ್ಜೆ. ಗೆರೆ ಹತ್ತಿರವಾದರೆ ಕಡಿದು, ದೂರವಾದರೆ ಇಳಿಜಾರು ಕಡಿಮೆ ಎಂಬುದನ್ನು ಅವರೇ ಹೇಳಿದರು. ಹಳ್ಳದ ಬಾಯಲ್ಲಿ ಪ್ರತಿ ಸಾಲೂ ಮೂತಿ ಚಾಚಿದಂತೆ ಒಳಕ್ಕೆ ತೂರಿತ್ತು. ನೀರು ಹಳ್ಳದೊಳಕ್ಕೆ ಹಿಂದಕ್ಕೆ ನುಗ್ಗಿ ನಿಲ್ಲುತ್ತದಲ್ಲ, ಅದರ ಗುರುತು. ಚೂಪಾದ ತುದಿ ಹಳ್ಳ ಬರುವ ದಿಕ್ಕಿಗೆ, ಅಂದರೆ ಎತ್ತರದ ಕಡೆಗೆ. ಟೋಪೋಶೀಟಿನಲ್ಲಿ ಕಣಿವೆಯ ರೇಖೆಗಳು ವಿ ಆಕಾರದಲ್ಲಿ ಮೇಲ್ಮುಖವಾಗಿ ಬಾಗುವುದು ಇದೇ ಕಾರಣಕ್ಕೆ. ಜಯಮಂಗಲಿಯ ಹುಡುಗ ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದ. ಮರುದಿನ ಶೀಟಿನ ಮುಂದೆ ಬೆರಳಿಟ್ಟು, "ಮೂತಿ ದಕ್ಷಿಣಕ್ಕಿದೆ ಸಾರ್, ಹೊಳೆ ಉತ್ತರಕ್ಕೆ ಹೋಗ್ತದೆ" ಎಂದ.

ಇನ್ನೊಂದು ಸಂಗತಿಯನ್ನು ನಾನು ನಿರೀಕ್ಷಿಸಿರಲಿಲ್ಲ. ಅಂಗಳದ ನಡುವೆ ಕಲ್ಲುಗಳ ಎರಡು ಉಂಗುರಗಳಿದ್ದವು. ಒಂದು ಮಣ್ಣಿನ ದಿಬ್ಬ. ಇನ್ನೊಂದು ಜೆಸಿಬಿಯಲ್ಲಿ ಹೂಳು ತೆಗೆದ ಗುಂಡಿ, ಅದರಲ್ಲಿ ನೀರು ಪ್ರತ್ಯೇಕವಾಗಿ ನಿಂತಿತ್ತು. ಏರಿ ಮೇಲಿಂದ ಎರಡೂ ಒಂದೇ ಥರ ಕಾಣುತ್ತಿದ್ದವು. "ಹಾಗಾದ್ರೆ ನಕ್ಷೆಯಲ್ಲಿ ಗುಂಡಿ ಯಾವುದು, ಗುಡ್ಡ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಸಾರ್?" ಎಂದು ಒಬ್ಬಳು ಕೇಳಿದಳು. ತಗ್ಗಾದರೆ ರೇಖೆಯ ಒಳಬದಿಗೆ ಸಣ್ಣ ಸಣ್ಣ ಹಲ್ಲುಗಳನ್ನು ಹಾಕುತ್ತಾರೆ. ಆ ಚಿಹ್ನೆಯನ್ನು ನಾನು ಎಷ್ಟೋ ವರ್ಷ ಬರೀ ಒಂದು ಚಿಹ್ನೆಯಾಗಿ ಕಲಿಸಿದ್ದೆ. ಅದು ಯಾವ ಪ್ರಶ್ನೆಗೆ ಉತ್ತರ ಎಂದು ಹೇಳಿರಲೇ ಇಲ್ಲ.

ಕೆರೆಯಿಂದ ಕಾಗದಕ್ಕೆ ಬರುವುದು ಆಮೇಲೆ ಸುಲಭ. ನಮ್ಮ ಸೀಮೆಯ ಹಳೇ ಶೀಟುಗಳು 57ಜಿ/2 ಮತ್ತು 57ಜಿ/3. 57 ಎನ್ನುವುದು ಅಕ್ಷಾಂಶ ರೇಖಾಂಶದ ನಾಲ್ಕು ಡಿಗ್ರಿ ಚೌಕ, ಜಿ ಎನ್ನುವುದು ಅದರೊಳಗಿನ ಒಂದು ಡಿಗ್ರಿ, ಕೊನೆಯ ಅಂಕಿ ಆ ಡಿಗ್ರಿಯ ಹದಿನಾರು ತುಂಡುಗಳಲ್ಲಿ ಒಂದು. ಪ್ರತಿ ತುಂಡೂ 15 ಮಿನಿಟ್ ಅಗಲ, 15 ಮಿನಿಟ್ ಎತ್ತರ; ಇಲ್ಲಿ ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಮಾನ 1:50,000, ಅಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಈಗಿನ ಓಪನ್ ಸೀರೀಸ್ ನಕ್ಷೆಗಳು 2005ರ ರಾಷ್ಟ್ರೀಯ ನಕ್ಷೆ ನೀತಿಯಿಂದ ಬಂದವು. ಅವುಗಳ ಸಂಖ್ಯೆ ಬೇರೆ, ಓದುವ ಕ್ರಮ ಇದೇ.

ನಕ್ಷೆಯ ಚೌಕಗೆರೆಗಳ ಅಂಕಿಗಳಿಂದ ಒಂದು ಜಾಗವನ್ನು ಗುರುತಿಸುವ ಗ್ರಿಡ್ ಉಲ್ಲೇಖದಲ್ಲಿ ಯಾವ ಅಂಕಿ ಮೊದಲು ಎಂಬ ಗೊಂದಲ ಪ್ರತಿ ವರ್ಷ ಇದ್ದದ್ದೇ. ನಾನು ಹೇಳುವುದು ಇಷ್ಟು: ನಾವು ದಿಕ್ಕು ಎಣಿಸುವುದು ಹೇಗೆ? ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಪೂರ್ವ ಮೊದಲು, ಉತ್ತರ ಆಮೇಲೆ. ಗ್ರಿಡ್ಡಿನಲ್ಲೂ ಪೂರ್ವಕ್ಕೆ ಸರಿಯುವ ಅಂಕಿ ಮೊದಲು, ಉತ್ತರಕ್ಕೆ ಏರುವುದು ಆಮೇಲೆ.

ಬಣ್ಣಗಳಲ್ಲಿ ಮಕ್ಕಳು ಎಡವುವುದು ಕಪ್ಪಿನಲ್ಲಿ. ವರ್ಷವಿಡೀ ನೀರಿರುವ ಹೊಳೆ ನೀಲಿ, ಒಣಗುವ ಹಳ್ಳ ಕಪ್ಪು. ನಮ್ಮ ಬಯಲುಸೀಮೆಯ ಶೀಟಿನಲ್ಲಿ ಕಪ್ಪು ಹಳ್ಳಗಳೇ ಹೆಚ್ಚು. ಅವನ್ನು ಗಾಡಿ ದಾರಿ ಎಂದು ಓದಿಬಿಡುತ್ತಾರೆ. ದಾರಿ ಕೆಂಪು, ಅಷ್ಟು ನೆನಪಿಟ್ಟರೆ ಸಾಕು. ಕೆರೆ ಏರಿಯ ಪಕ್ಕ 3 ಆರ್, 4 ಆರ್ ಎಂದು ಬರೆದಿರುತ್ತದೆ. ಸುತ್ತಲಿನ ನೆಲದಿಂದ ಏರಿ ಅಷ್ಟು ಮೀಟರ್ ಎತ್ತರ ಎಂದರ್ಥ. 20 ಮೀಟರಿಗೊಂದು ರೇಖೆ ಎಳೆದರೆ ಮೂರು ಮೀಟರಿನ ಏರಿ ಅದರಲ್ಲಿ ಸಿಗುವುದಿಲ್ಲ, ಅದಕ್ಕೇ ಈ ಬರಹ. ಕೆರೆಗೆ ಇಳಿದ ಹುಡುಗರಿಗೆ ಇದು ಹೇಳಿದ ಕೂಡಲೇ ಹಿಡಿಯುತ್ತದೆ.

ನನಗೆ ಅತಿ ಇಷ್ಟವಾದ ಅಭ್ಯಾಸ ದೇವರಾಯನದುರ್ಗದ್ದು. ಅದೇ ಬೆಟ್ಟಸಾಲಿನಲ್ಲಿ ಜಯಮಂಗಲಿ ಹುಟ್ಟಿ ಉತ್ತರ ಪಿನಾಕಿನಿ ಸೇರುತ್ತದೆ. ಶಿಂಷಾ ಅಲ್ಲೇ ಹುಟ್ಟಿ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. 57ಜಿ/3ರ ಮೇಲೆ ಟ್ರೇಸಿಂಗ್ ಕಾಗದ ಹಾಕಿ, ಉತ್ತರಕ್ಕೆ ಇಳಿಯುವ ಹಳ್ಳಗಳಿಗೆಲ್ಲ ಹಸಿರು, ದಕ್ಷಿಣಕ್ಕೆ ಇಳಿಯುವುದಕ್ಕೆ ನೀಲಿ ಬಳಿಯಲು ಹೇಳುತ್ತೇನೆ. ಎರಡು ಬಣ್ಣ ಎಲ್ಲೂ ಮುಟ್ಟದ ಒಂದು ಖಾಲಿ ದಾರಿ ಉಳಿಯುತ್ತದೆ. ಅದೇ ಜಲವಿಭಜಕ. ಬೆಟ್ಟದ ಮೇಲೆ ಬಿದ್ದ ಒಂದು ಹನಿ ಆ ದಾರಿಯ ಈ ಪಕ್ಕಕ್ಕೆ ಉರುಳಿದರೆ ನೆಲ್ಲೂರಿನ ಕಡೆಗೆ, ಆ ಪಕ್ಕಕ್ಕಾದರೆ ಶಿವನಸಮುದ್ರದ ಆಚೆಗೆ. ಇದನ್ನು ಕಂಡ ಮೇಲೆ ಹುಡುಗರು ಒಂದಷ್ಟು ಹೊತ್ತು ಮಾತಾಡುವುದಿಲ್ಲ.

ವೈಮಾನಿಕ ಛಾಯಾಚಿತ್ರದ್ದು ಬೇರೆ ಕಷ್ಟ. ಅಸಲಿ ಚಿತ್ರಗಳು ಕಾಲೇಜುಗಳಿಗೆ ಸುಲಭವಾಗಿ ಸಿಗುವುದಿಲ್ಲ. ನಮ್ಮಲ್ಲಿರುವುದು ಒಂದು ಹಳೇ ಕಿಸೆ ಸ್ಟೀರಿಯೋಸ್ಕೋಪ್ (ಎರಡು ಚಿತ್ರಗಳನ್ನು ಒಟ್ಟಿಗೆ ನೋಡುವ ಜೋಡಿ ಮಸೂರದ ಸಾಧನ), ಒಂದೇ ಜೋಡಿ ಚಿತ್ರ. ವಿಮಾನ ಹಾರುತ್ತಾ ತೆಗೆಯುವ ಒಂದು ಚಿತ್ರದ ನೆಲದಲ್ಲಿ ಸುಮಾರು ಶೇ. 60 ಭಾಗ ಮುಂದಿನ ಚಿತ್ರದಲ್ಲೂ ಇರುತ್ತದೆ. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಕೊಟ್ಟರೆ ಮಿದುಳು ಎರಡನ್ನೂ ಬೆಸೆದು ಆಳ ಕಾಣಿಸುತ್ತದೆ. ಸರದಿಯಲ್ಲಿ ಒಬ್ಬೊಬ್ಬರೇ ಬಗ್ಗಿ ನೋಡುತ್ತಾರೆ. ಅರ್ಧ ನಿಮಿಷ ಏನೂ ಆಗುವುದಿಲ್ಲ, ಆಮೇಲೆ "ಅಯ್ಯೋ, ಎದ್ದು ಬಂತು!" ಎಂದು ಕೈ ಚಾಚಿ ಬೆಟ್ಟ ಮುಟ್ಟಲು ಹೋಗುತ್ತಾರೆ.

ಉಳಿದ ಅಭ್ಯಾಸಕ್ಕೆ ಇಸ್ರೋದ ಭುವನ್ ತಾಣದ ಉಪಗ್ರಹ ಚಿತ್ರಗಳನ್ನು ಮುದ್ರಿಸಿಕೊಳ್ಳುತ್ತೇನೆ. ದೇವರಾಯನದುರ್ಗದ ಚಿತ್ರ ಮೊದಲ ಸಲ ಕೊಟ್ಟಾಗ ಅರ್ಧ ತರಗತಿ ಅದನ್ನು ದೊಡ್ಡ ಗುಂಡಿ ಎಂದಿತು. ತಪ್ಪು ಅವರದಲ್ಲ. ಬೆಳಕು ಮೇಲಿಂದ ಬಿದ್ದು ನೆರಳು ನಮ್ಮ ಕಡೆಗೆ ಚಾಚಿದ್ದರೆ ನಮ್ಮ ಕಣ್ಣು ಉಬ್ಬನ್ನು ಉಬ್ಬಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಉತ್ತರವನ್ನು ಮೇಲಿಟ್ಟ ಚಿತ್ರದಲ್ಲಿ ಅದು ನಮ್ಮಿಂದ ಆಚೆಗೆ ಹೋಗುತ್ತದೆ. ಹಾಗಾಗಿ ಬೆಟ್ಟ ಗುಂಡಿಯಾಗುತ್ತದೆ, ಕಣಿವೆ ದಿಣ್ಣೆಯಾಗುತ್ತದೆ. ಕಾಗದವನ್ನು ತಲೆಕೆಳಗು ಮಾಡಿ ಹಿಡಿಯಿರಿ ಎಂದೆ. ಒಂದೇ ಕ್ಷಣ. ಬೆಟ್ಟ ಬೆಟ್ಟವಾಯಿತು.

ಚಿತ್ರದಲ್ಲಿ ಹೆಸರಿಲ್ಲ, ಚಿಹ್ನೆಯಿಲ್ಲ. ಬಣ್ಣದ ಗಾಢತೆ, ಒರಟು ನುಣುಪು, ಆಕಾರ, ನೆರಳು, ಅಕ್ಕಪಕ್ಕ ಏನಿದೆ ಎಂಬುದರಿಂದಲೇ ಊಹಿಸಬೇಕು. ಇಲ್ಲಿ ರೈತರ ಮಕ್ಕಳು ನನಗಿಂತ ಮುಂದೆ. ಒಬ್ಬ ಹುಡುಗಿ ಕಡುಹಸಿರಿನ ಒಂದು ತುಂಡು ತೋರಿಸಿ ಅಡಿಕೆ ತೋಟ ಎಂದಳು, ಪಕ್ಕದ್ದು ತೆಂಗು ಎಂದಳು. ಹೇಗೆ ಗೊತ್ತಾಯಿತು ಎಂದೆ. "ತೆಂಗಿನ ತಲೆ ದೊಡ್ಡದು ಸಾರ್, ಗರಿ ನಕ್ಷತ್ರದ ಥರ ಹರಡಿದೆ, ನಡುವೆ ನೆಲ ಕಾಣ್ತದೆ. ಅಡಿಕೆ ಒತ್ತೊತ್ತು, ಚುಕ್ಕಿ ಚುಕ್ಕಿ." ಅದೇ ಚಿತ್ರದ ಪಕ್ಕ ಹಳೇ ಶೀಟಿನ ಅದೇ ಭಾಗ ಇಟ್ಟೆ. ಶೀಟಿನಲ್ಲಿ ಒಂದು ಸಣ್ಣ ಕಟ್ಟೆ ಇತ್ತು, ಏರಿಯ ಪಕ್ಕ 3 ಆರ್ ಎಂದಿತ್ತು. ಚಿತ್ರದಲ್ಲಿ ಆ ಜಾಗದಲ್ಲಿ ಅಚ್ಚುಕಟ್ಟಾದ ನಿವೇಶನಗಳ ಚೌಕಗಳು. ಏರಿಯ ಬಾಗು ಮಾತ್ರ ಒಂದು ರಸ್ತೆಯಾಗಿ ಉಳಿದಿತ್ತು. ಅವಳೇ ಅದನ್ನು ಗುರುತಿಸಿದ್ದು.

ಈ ಸಲ ನಮ್ಮ ಕೆರೆ ಕೋಡಿ ಬಿದ್ದಿದೆ. ಹಿಂದಿನ ಸಾಲಿನ ಕಲ್ಲುಗಳೆಲ್ಲ ನೀರಿನಡಿ ಇವೆ, ಗೂಟದ ತುದಿ ಮಾತ್ರ ಕಾಣುತ್ತಿದೆ. ಹೊಸ ಹುಡುಗರು ಕಾಲೇಜು ಬಿಟ್ಟು ಹೋಗುವಾಗ ಏರಿ ಮೇಲೆ ನಿಂತು, ಒಂದು ಗೇಣು ಇಳಿಯಿತಾ ಎಂದು ನೋಡಿಕೊಂಡು ಹೋಗುತ್ತಾರೆ.