ಮಧ್ಯಾಹ್ನದ ನಿದ್ದೆಯಿಂದ ಹಿಂದಕ್ಕೆ ಲೆಕ್ಕ ಹಾಕಿ: ಎರಡು ವರ್ಷದ ಮಗು ಜೊತೆ ಮೈಸೂರು ಸುತ್ತೋದು ಹೇಗೆ

ನಮ್ಮ ಪುಟ್ಟಿಗೆ ಒಂದೂವರೆ ವರ್ಷ ಇದ್ದಾಗ ಮೊದಲನೇ ಸಲ ಝೂಗೆ ಕರ್ಕೊಂಡು ಹೋಗಿದ್ವಿ. ಭಾನುವಾರ, ತಿಂಡಿ ಮುಗಿಸಿ, ಅತ್ತೆ ಮಾವ ರೆಡಿಯಾಗಿ ಮನೆ ಬಿಡೋಷ್ಟರಲ್ಲಿ ಹನ್ನೊಂದು ಗಂಟೆ, ಟಿಕೆಟ್ ಕ್ಯೂ ದಾಟಿ ಒಳಗೆ ಕಾಲಿಟ್ಟಾಗ ಹನ್ನೆರಡು. ಜಿರಾಫೆ ಮುಂದೆ ನಾವೆಲ್ಲಾ ನೋಡು ನೋಡು ಅಂತಿದ್ರೆ ಅವಳು ಕಣ್ಣು ಉಜ್ಜೋಕೆ ಶುರು ಮಾಡಿದ್ಲು, ಆಮೇಲೆ ಅಳು, ನೀರು ಬೇಡ ಬಿಸ್ಕೆಟ್ ಬೇಡ, ಎತ್ಕೊಂಡ್ರೆ ಇಳಿಸು, ಇಳಿಸಿದ್ರೆ ಎತ್ಕೋ. ಬಿಸಿಲಲ್ಲಿ ಅವಳನ್ನ ಹೆಗಲ ಮೇಲೆ ಹಾಕ್ಕೊಂಡು ವಾಪಸ್ ಗೇಟ್ ತನಕ ನಡೆದಿದ್ದು ಇನ್ನೂ ನೆನಪಿದೆ. ಮಗು ಹಟ ಮಾರಿ ಅಂತ ಯಾರೋ ಅಂದ್ರು, ನಂಗೆ ಬೇಜಾರಾಯ್ತು. ಅವಳದ್ದೇನೂ ತಪ್ಪಿರಲಿಲ್ಲ, ಅದು ಅವಳ ನಿದ್ದೆ ಟೈಮು ಅಷ್ಟೆ.

ಅವತ್ತಿಂದ ಈಚೆಗೆ ನಾವು ಎಲ್ಲಿಗೆ ಹೋಗ್ಬೇಕಾದ್ರೂ ಮೊದಲು ನೋಡೋದು ಗಡಿಯಾರ, ಜಾಗ ಆಮೇಲೆ. ಈಗ ಅವಳಿಗೆ ಎರಡು ವರ್ಷ ಮೂರು ತಿಂಗಳು, ಈ ಒಂಬತ್ತು ತಿಂಗಳಲ್ಲಿ ಕಲ್ತಿದ್ದನ್ನ ಹಂತ ಹಂತವಾಗಿ ಬರೀತಿದೀನಿ, ಚಿಕ್ಕ ಮಕ್ಕಳಿರೋ ಮನೆಯವ್ರಿಗೆ ಉಪಯೋಗ ಆಗ್ಬಹುದು.

ಮೊದಲನೇ ಹೆಜ್ಜೆ: ಲೆಕ್ಕ ಹಿಂದಿನಿಂದ

ಒಂದು ವಾರ ನಿಮ್ಮ ಮಗು ಮಧ್ಯಾಹ್ನ ಎಷ್ಟೊತ್ತಿಗೆ ಮಲಗತ್ತೆ ಅಂತ ಕ್ಯಾಲೆಂಡರ್ ಮೇಲೆ ಬರ್ದಿಡಿ. ನಮ್ಮವಳು ಮುಕ್ಕಾಲು ಪಾಲು ದಿನ ಒಂದು ಗಂಟೆ ಹತ್ರ ಮಲಗ್ತಾಳೆ. ಅಂದ್ರೆ ಹನ್ನೆರಡೂಕಾಲಿಗೆ ಊಟಕ್ಕೆ ಕೂರಬೇಕು, ಹನ್ನೆರಡಕ್ಕೆ ಮನೇಲಿರಬೇಕು, ದಾರಿ ಇಪ್ಪತ್ತು ನಿಮಿಷ, ಹೊರಡೋಕೆ ಅವಳು ಒಪ್ಪೋದಕ್ಕೆ ಇನ್ನೊಂದು ಇಪ್ಪತ್ತು ನಿಮಿಷ ಸೇರ್ಸಿ, ಐದು ನಿಮಿಷ ಕೈಲಿಟ್ಕೊಂಡು ಹನ್ನೊಂದೂಕಾಲಿಗೆ ಎಲ್ಲಿದ್ರೂ ಅಲ್ಲಿಂದ ಎದ್ದೇಳಬೇಕು. ಅಲ್ಲಿಂದ ಎರಡು ಗಂಟೆ ಹಿಂದಕ್ಕೆ ಹೋದ್ರೆ ಒಂಬತ್ತೂಕಾಲು. ಅಷ್ಟೊತ್ತಿಗೆ ನಾವು ಆ ಜಾಗದ ಗೇಟಲ್ಲಿರಬೇಕು.

ಎರಡು ಗಂಟೆ ಸಾಕಾಗತ್ತಾ ಅಂತ ನಮ್ಮತ್ತೆ ಕೇಳಿದ್ರು, ಸಾಕು, ಎರಡು ವರ್ಷದ ಮಗೂಗೆ ಅದು ದೊಡ್ಡ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಂತ ಹೇಳಿರೋ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ದಿನಕ್ಕೆ ಕಮ್ಮಿ ಅಂದ್ರೂ 180 ನಿಮಿಷ ಓಡಾಟ ಆಟ ಬೇಕು, ತಳ್ಳುಗಾಡೀಲೋ ಸೀಟಲ್ಲೋ ಒಂದೇ ಸಮ ಒಂದು ಗಂಟೆಗಿಂತ ಜಾಸ್ತಿ ಕಟ್ಟಿಹಾಕಿ ಕೂರಿಸಬಾರದು. ಇದನ್ನ ಓದಿದ ಮೇಲೆ ನಂಗೆ ಒಂದು ವಿಷ್ಯ ಕ್ಲಿಯರ್ ಆಯ್ತು, ಓಡಾಟಕ್ಕೋಸ್ಕರ ನಿದ್ದೆ ಕದಿಯೋ ಹಾಗಿಲ್ಲ, ನಿದ್ದೆ ಉಳಿಸಿಕೊಂಡೇ ಓಡಾಟ ಹೊಂದಿಸ್ಬೇಕು.

ಎರಡನೇ ಹೆಜ್ಜೆ: ಮುಟ್ಟಬೇಡ ಅನ್ನದೇ ಇರೋ ಜಾಗ ಹುಡುಕಿ

ಜಾಗ ಎಷ್ಟು ಫೇಮಸ್ಸು ಅನ್ನೋದು ಮಗೂಗೆ ಗೊತ್ತಾಗಲ್ಲ. ಅಲ್ಲಿ ಕೈ ಬಿಟ್ಟು ಓಡೋಕೆ ಆಗತ್ತಾ, ಬಗ್ಗಿ ನೆಲ ಮುಟ್ಟೋಕೆ ಆಗತ್ತಾ, ಗಾಡಿಗಳ ಭಯ ಇಲ್ವಾ, ನೆರಳಿದೆಯಾ, ಟಾಯ್ಲೆಟ್ ಇದೆಯಾ, ಇಷ್ಟು ನೋಡಿ.

ನಮಗೆ ವಾರದ ಮಧ್ಯದಲ್ಲಿ ಆಗೋದು ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ಈಗ ಊರಿನ ಮಧ್ಯಾನೇ ಇದೆ, ಏರಿ ಮೇಲೆ ಗಾಡಿ ಓಡಾಡಲ್ಲ. ದೊಡ್ಡವ್ರು ಸುತ್ತು ಹಾಕೋ ಹಾಗೆ ಪೂರ್ತಿ ಸುತ್ತೋ ಆಸೆ ಬೇಡ, ಪುಟ್ಟಿ ಜೊತೆ ನಾವು ನೂರಿನ್ನೂರು ಹೆಜ್ಜೆ ಹೋಗಿರಬಹುದು ಅಷ್ಟೆ. ಹೆಜ್ಜಾರ್ಲೆ ನೀರಿನ ಮೇಲೆ ಇಳಿಯೋದು, ನೀರುಕಾಗೆ ರೆಕ್ಕೆ ಹರಡ್ಕೊಂಡು ಒಣಗಿಸ್ಕೊಳ್ಳೋದು ಇದೆಲ್ಲಾ ಬರಿಗಣ್ಣಿಗೇ ಕಾಣ್ಸತ್ತೆ, ಹೆಜ್ಜಾರ್ಲೆ ಅಷ್ಟು ದೊಡ್ಡ ಹಕ್ಕಿ ಆಗಿರೋದ್ರಿಂದ ಚಿಕ್ಕ ಮಕ್ಕಳೂ ದೂರದಿಂದ ಗುರುತು ಹಿಡೀತಾರೆ. ನಮ್ಮವಳು ಅದಕ್ಕೆ ದೊಡ್ ಬಾಯಿ ಅಂತ ಹೆಸರಿಟ್ಟಿದಾಳೆ. ಕೆರೆ ಅಂದ್ಮೇಲೆ ಅಂಚಿನ ಕಡೆ ಯಾವಾಗ್ಲೂ ದೊಡ್ಡವ್ರೇ ನಡೀಬೇಕು, ಮಗು ಒಳಗಡೆ, ಫೋನ್ ಬ್ಯಾಗಲ್ಲಿ. ಇದರಲ್ಲಿ ಮಾತ್ರ ರಾಜಿ ಬೇಡ.

ಎರಡನೇದು ರೈಲ್ವೆ ಮ್ಯೂಸಿಯಂ, ಸ್ಟೇಷನ್ ಹತ್ರ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಎದುರಿಗೆ. 1979ರಲ್ಲಿ ಶುರುವಾಗಿದ್ದು, ದೆಹಲಿ ಬಿಟ್ರೆ ದೇಶದಲ್ಲಿ ಎರಡನೇ ರೈಲ್ವೆ ಮ್ಯೂಸಿಯಂ ಇದು. ನನ್ನ ಕೇಳಿದ್ರೆ ಮೈಸೂರಲ್ಲಿ ಎರಡು ಮೂರು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಯಾಕಂದ್ರೆ ಚಿಕ್ಕದು, ಬಯಲಲ್ಲೇ ಹಳೇ ಸ್ಟೀಮ್ ಇಂಜಿನ್‌ಗಳು ನಿಂತಿವೆ, ಮಕ್ಕಳಿಗೆ ಅಂತ ಒಂದು ಪುಟಾಣಿ ರೈಲೂ ಇದೆ. ಮಹಾರಾಣಿಯವರ ಸಲೂನ್ ಬೋಗಿ ನೋಡೋಕೆ ನಂಗಿಷ್ಟ, ಪುಟ್ಟಿಗೆ ಚಕ್ರ ಇಷ್ಟ. ಅವಳಿಗಿಂತ ಎತ್ತರದ ಚಕ್ರದ ಪಕ್ಕ ನಿಂತು ಕೈಯಲ್ಲಿ ತಟ್ತಾಳೆ. ಅವಳನ್ನ ಚಕ್ರದ ಹತ್ರ ಬಿಟ್ಟು ಅಪ್ಪ ಒಂದು ಕಡೆ ನಿಂತ್ಕೊಳ್ಳಲಿ, ನೀವು ಸಲೂನ್ ನೋಡ್ಕೊಂಡು ಬನ್ನಿ, ಆಮೇಲೆ ಅದಲು ಬದಲು ಮಾಡ್ಕೊಳ್ಳಿ. ಎಲ್ಲರೂ ಒಟ್ಟಿಗೇ ಎಲ್ಲಾ ನೋಡ್ಬೇಕು ಅಂತ ಏನಿಲ್ಲ.

ಇನ್ನು ಝೂ. 1892ರಲ್ಲಿ ಶುರುವಾಗಿದ್ದು, ದೊಡ್ಡ ಜಾಗ, ಪೂರ್ತಿ ಸುತ್ತೋಕೆ ದೊಡ್ಡವ್ರಿಗೇ ಎರಡು ಮೂರು ಗಂಟೆ ಬೇಕು. ಅದಕ್ಕೇ ನಾವು ಈಗ ಮಾಡೋದು ಏನಂದ್ರೆ ಮನೆ ಬಿಡೋ ಮುಂಚೆಯೇ ಎರಡು ಪ್ರಾಣಿ ಆರಿಸ್ಕೊಳ್ಳೋದು. ಇವತ್ತು ಆನೆ ಮತ್ತೆ ಜಿರಾಫೆ, ಮುಗೀತು. ದಾರೀಲಿ ಸಿಕ್ಕಿದ್ದು ಬೋನಸ್. ಬೆಳಗ್ಗೆ ಎಂಟೂವರೆಗೆ ಗೇಟ್ ತೆಗೀತಾರೆ, ಆಗಲೇ ಹೋದ್ರೆ ಕ್ಯೂ ಕಮ್ಮಿ, ಬಿಸಿಲೂ ಏರಿರಲ್ಲ. ಮಂಗಳವಾರ ರಜೆ, ಇದು ಮರ್ತು ಹೋಗಿ ಗೇಟ್ ಮುಂದೆ ನಿಂತ ಮಗು ಮುಖ ನೋಡೋಕೆ ಕಷ್ಟ ಆಗತ್ತೆ. ತಾತ ಅಜ್ಜಿಗೆ ಮಂಡಿ ನೋವಿದ್ರೆ ಒಳಗೆ ಬ್ಯಾಟರಿ ಗಾಡಿ ಸಿಗತ್ತೆ.

ಬ್ಯಾಗ್

ಚಿಕ್ಕ ಬ್ಯಾಗ್ ಇರ್ಲಿ, ದೊಡ್ಡದು ತಗೊಂಡ್ರೆ ಅದನ್ನ ಹೊರೋದೇ ಒಂದು ಕೆಲಸ. ನೀರಿನ ಸಿಪ್ಪರ್, ಎರಡು ಡಯಾಪರ್, ವೈಪ್ಸ್, ಒಂದು ಜೊತೆ ಬಟ್ಟೆ, ಟೋಪಿ, ಒಂದು ಹಳೇ ಪಂಚೆ ತುಂಡು. ಈ ಪಂಚೆ ತುಂಡು ನಮ್ಮತ್ತೆ ಐಡಿಯಾ, ನೆಲಕ್ಕೆ ಹಾಸೋಕೆ, ಮುಖ ಒರೆಸೋಕೆ, ಬಿಸಿಲಿಗೆ ಹೊದಿಸೋಕೆ, ಡಯಾಪರ್ ಬದಲಾಯಿಸೋಕೆ ಎಲ್ಲಕ್ಕೂ ಆಗತ್ತೆ, ಮನೆಗೆ ಬಂದು ಒಗೆದ್ರೆ ಬೇಗ ಒಣಗತ್ತೆ. ತಿನ್ನೋಕೆ ಏಲಕ್ಕಿ ಬಾಳೆಹಣ್ಣು, ತುಪ್ಪ ಸವರಿದ ಇಡ್ಲಿ. ಪಾರ್ಕು ಝೂಗಳ ಒಳಗೆ ತಿಂಡಿ ಹರಡ್ಕೊಂಡು ಕೂರೋ ಪ್ಲಾನ್ ಬೇಡ, ಗೇಟಿನ ಆಚೆಯೇ ತಿನ್ನಿಸಿ ಕೈ ತೊಳೆಸಿ ಒಳಗೆ ಹೋಗಿ, ಪ್ರಾಣಿಗಳಿಗಂತೂ ಏನೂ ಹಾಕೋ ಹಾಗಿಲ್ಲ. ಕಡ್ಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಈ ವಯಸ್ಸಲ್ಲಿ ಕೊಡ್ಲೇಬೇಡಿ, ಓಡ್ತಾ ನಗ್ತಾ ತಿನ್ನೋವಾಗ ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ. ದ್ರಾಕ್ಷಿ ಕೊಡ್ಲೇಬೇಕು ಅಂದ್ರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಕೂತ್ಕೊಂಡು ತಿನ್ನಿಸಿ.

ಹೋಗೋದು ಹೇಗೆ

ನಮ್ಮೂರಲ್ಲಿ ಮುಕ್ಕಾಲು ಮನೆಗಳಲ್ಲಿ ಸ್ಕೂಟರೇ. ಮಗೂನ ಮುಂದೆ ನಿಲ್ಲಿಸ್ಕೊಂಡು ಹೋಗೋದನ್ನ ದಿನಾ ನೋಡ್ತೀವಿ, ನಾನೂ ಹಾಗೇ ಬೆಳೆದಿದ್ದು, ಆದ್ರೆ ಸಡನ್ ಬ್ರೇಕ್ ಹಾಕಿದಾಗ ಆ ಮಗು ಎಲ್ಲಿಗೆ ಹೋಗತ್ತೆ ಅಂತ ಒಂದು ಸಲ ಯೋಚಿಸಿ. 2023ರ ಫೆಬ್ರವರಿಯಿಂದ ಕೇಂದ್ರದ ನಿಯಮವೇ ಇದೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗೂನ ಟೂ ವೀಲರ್ ಹಿಂದೆ ಕೂರಿಸ್ಕೊಂಡ್ರೆ ಓಡಿಸೋರ ಮೈಗೆ ಮಗೂನ ಕಟ್ಟೋ ಸೇಫ್ಟಿ ಬೆಲ್ಟ್ ಹಾಕ್ಬೇಕು, ಮಗೂಗೆ ಅಳತೆ ಹೆಲ್ಮೆಟ್ ಬೇಕು, ಸ್ಪೀಡು 40 ದಾಟಬಾರದು. ಹೆಲ್ಮೆಟ್ ಬೇಡ ಅಂತ ಪುಟ್ಟಿ ಮೊದಮೊದಲು ಕಿತ್ತೆಸೀತಿದ್ಲು, ನಾವು ಮನೇಲಿ ಆಟದ ಥರ ದಿನಾ ಐದು ನಿಮಿಷ ಹಾಕಿ ಕನ್ನಡಿ ತೋರಿಸ್ತಾ ಬಂದ್ವಿ, ಹತ್ತು ದಿನದಲ್ಲಿ ಅವಳೇ ಟೋಪಿ ಕೊಡು ಅಂತ ಕೇಳೋಕೆ ಶುರು ಮಾಡಿದ್ಲು.

ಬಸ್ಸಲ್ಲಿ ಹೋದ್ರೆ ಅದೇ ಅರ್ಧ ಔಟಿಂಗು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಅಮ್ಮಂದಿರಿಗೂ ಅಜ್ಜಿಯರಿಗೂ ದುಡ್ಡಿಲ್ಲ, ಗುರುತಿನ ಚೀಟಿ ಒಂದು ಇಟ್ಕೊಂಡಿರಿ. ಭಾನುವಾರ ಬೆಳಗ್ಗೆ ಎಂಟಕ್ಕೆ ಸಿಟಿ ಬಸ್ ಖಾಲಿ ಇರತ್ತೆ, ಕಿಟಕಿ ಸೀಟ್ ಸಿಗತ್ತೆ. ಒಂದು ಸಲ ಎಲ್ಲಿಗೂ ಇಳೀದೆ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬಂದಿದೀವಿ, ಅವಳ ಖುಷಿ ನೋಡ್ಬೇಕಿತ್ತು.

ಅಲ್ಲಿ ಹೋದ ಮೇಲೆ

ಇಲ್ಲಿ ನಂಗೆ ಕಲಿಯೋಕೆ ತುಂಬಾ ದಿನ ಹಿಡೀತು. ಮಗು ಮುಂದೆ, ನಾವು ಎರಡು ಹೆಜ್ಜೆ ಹಿಂದೆ. ರೈಲ್ವೆ ಮ್ಯೂಸಿಯಂನಲ್ಲಿ ಒಂದು ದಿನ ಅವಳು ಇಂಜಿನ್ ಕಡೆ ತಿರುಗೂ ನೋಡಲಿಲ್ಲ, ಹಳಿ ಪಕ್ಕದ ಜಲ್ಲಿಕಲ್ಲು ಹತ್ರ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಲ್ಲು ಎತ್ತಿ ಈ ಕಡೆಯಿಂದ ಆ ಕಡೆಗೆ ಜೋಡಿಸ್ತಾ ಇದ್ಲು. ಎಳ್ಕೊಂಡು ಹೋಗೋಣ ಅಂತ ಕೈ ಚಾಚಿದೆ, ನಮ್ಮನೆಯವ್ರು ಸುಮ್ನಿರು ಅಂದ್ರು. ಇಪ್ಪತ್ತೈದು ನಿಮಿಷ! ಕಲ್ಲು ಬಾಯಿಗೆ ಹೋಗ್ತಿಲ್ವಾ ಅಂತ ನೋಡ್ಕೊಂಡು ನಾನೂ ಪಕ್ಕದಲ್ಲಿ ಕೂತೆ. ಭಾರದ್ದು, ಹಗುರದ್ದು, ಬಿಸಿ, ತಣ್ಣಗೆ, ಹೀಗೆ ಒಂದೊಂದು ಮಾತು ಹೇಳ್ತಾ ಹೋದೆ. ಆ ವಾರವೆಲ್ಲಾ ಮನೇಲಿ ಕುಕ್ಕರ್ ಎತ್ತೋಕೆ ಹೋಗಿ ಬಾರ ಬಾರ ಅಂತಿದ್ಲು.

ಫೋಟೋ ಮೊದಲ ಐದು ನಿಮಿಷದಲ್ಲೇ ತೆಗೆದು ಮುಗಿಸಿ, ಆಮೇಲೆ ಇಲ್ಲಿ ನೋಡು ನಗು ಅಂತ ಅವರ ಆಟ ಕೆಡಿಸಬೇಡಿ.

ವಾಪಸ್ ಹೊರಡೋ ಹೊತ್ತು ಎಲ್ಲರಿಗೂ ಕಷ್ಟವೇ. ಹೋಗೋಣ ಬಾ ಅಂತ ಸಡನ್ನಾಗಿ ಎತ್ಕೊಂಡ್ರೆ ಅಳದೇ ಇನ್ನೇನು ಮಾಡ್ತಾರೆ, ಅವರಿಗೆ ಟೈಮ್ ಗೊತ್ತಿಲ್ವಲ್ಲ. ನಾವು ಇಪ್ಪತ್ತು ನಿಮಿಷ ಮುಂಚೆ ಶುರು ಮಾಡ್ತೀವಿ. ಇನ್ನು ಮೂರು ಕಲ್ಲು ಇಟ್ಟು ಟಾಟಾ ಹೇಳೋಣ, ಒಂದು, ಎರಡು, ಮೂರು, ಈಗ ಕಲ್ಲಿಗೆ ಟಾಟಾ, ಇಂಜಿನ್‌ಗೆ ಟಾಟಾ, ಗೇಟ್ ಮಾಮನಿಗೆ ಟಾಟಾ. ಟಾಟಾ ಹೇಳೋ ಕೆಲಸ ಸಿಕ್ಕಿದ್ರೆ ಅವಳು ಅದರಲ್ಲೇ ಬಿಜಿ ಆಗ್ತಾಳೆ. ಗೇಟಿಂದ ಗಾಡಿ ತನಕ ಅಪ್ಪನ ಬೆನ್ನ ಮೇಲೆ ಉಪ್ಪಿನ ಮೂಟೆ. ಇದೂ ನಡೀದೆ ಅತ್ರೆ ಅಳಲಿ, ಬೈಬೇಡಿ, ಚಾಕಲೇಟ್ ಆಸೆಯೂ ತೋರಿಸಬೇಡಿ, ಎತ್ಕೊಂಡು ನಡೀರಿ. ಸುತ್ತ ಇರೋರು ನೋಡ್ತಾರೆ, ನೋಡ್ಲಿ.

ಹೊರಗೆ ಹೋಗೋಕಾಗದ ದಿನ

ಜೂನ್ ಜುಲೈ ಜಿಟಿಜಿಟಿ ಮಳೇಲಿ, ಇಲ್ಲಾ ಏಪ್ರಿಲ್ ಬಿಸಿಲಲ್ಲಿ ಮನೇಲೇ ಇರಬೇಕಾಗತ್ತೆ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡಾದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಮಕ್ಕಳ ಡಾಕ್ಟರ್‌ಗಳು ಹೇಳ್ತಾರೆ, ಹಾಗಾಗಿ ಮೊಬೈಲ್ ಕೈಗೆ ಕೊಡೋ ಮುಂಚೆ ಅಡುಗೆಮನೆಗೆ ಕರ್ಕೊಂಡು ಹೋಗಿ. ಒಂದು ಪರಾತದಲ್ಲಿ ಎರಡು ಸೇರು ರಾಗಿ, ಒಂದು ಲೋಟ, ಒಂದು ಸೌಟು, ಕೆಳಗೆ ಹಳೇ ಬೆಡ್‌ಶೀಟು. ತುಂಬೋದು ಸುರಿಯೋದು ತುಂಬೋದು ಸುರಿಯೋದು, ಆಟ ಮುಗಿದ ಮೇಲೆ ಬೆಡ್‌ಶೀಟ್ ನಾಲ್ಕು ಮೂಲೆ ಹಿಡಿದು ಎತ್ತಿದ್ರೆ ಕ್ಲೀನ್. ಚಪಾತಿ ಹಿಟ್ಟಿನ ಒಂದು ಉಂಡೆ ಕೊಟ್ರೆ ನಮ್ಮ ಅಡುಗೆ ಮುಗಿಯೋ ತನಕ ಸಾಕಾಗತ್ತೆ. ನೀರಾಟ ಎಲ್ಲಾ ಮಕ್ಕಳಿಗೂ ಇಷ್ಟ, ಆದ್ರೆ ಬಕೆಟ್‌ನಲ್ಲಿ ನಾಲ್ಕು ಬೆರಳಷ್ಟು ನೀರಿದ್ರೂ ಮಗು ಮಗುಚಿ ಬಿದ್ರೆ ಏಳೋಕಾಗಲ್ಲ, ಅದಕ್ಕೇ ಅಗಲದ ತಟ್ಟೇಲಿ ಕೊಡಿ, ಪಕ್ಕದಲ್ಲೇ ಕೂತಿರಿ, ಆಟ ಮುಗಿದ ತಕ್ಷಣ ಚೆಲ್ಲಿಬಿಡಿ. ಸಂಜೆ ತಾತನ ಜೊತೆ ಕಣ್ಣಾಮುಚ್ಚಾಲೆ, ದಿನಾ ಅದೇ ಪರದೆ ಹಿಂದೆ ಬಚ್ಚಿಟ್ಕೋತಾಳೆ, ದಿನಾ ತಾತ ಅಡುಗೆಮನೆ ಎಲ್ಲಾ ಹುಡುಕಿ ಕೊನೇಲಿ ಅಲ್ಲಿಗೆ ಬರ್ತಾರೆ.

ಕೊನೇದಾಗಿ ಮೈಸೂರಿನವ್ರಿಗೆ ಒಂದು ವಿಷ್ಯ. ದಸರಾ ದಿನ ಜಂಬೂಸವಾರಿ ನೋಡೋಕೆ ಎರಡು ವರ್ಷದ ಮಗೂನ ಆ ನೂಕುನುಗ್ಗಲಲ್ಲಿ ಕರ್ಕೊಂಡು ಹೋಗ್ಬೇಡಿ, ಟಿವೀಲಿ ನೋಡಿ. ಅದಕ್ಕೆ ಬದಲು ಹಬ್ಬಕ್ಕೆ ವಾರಗಳ ಮುಂಚೆಯೇ ಆನೆಗಳು ಕಾಡಿಂದ ಬಂದು ಅರಮನೆ ಆವರಣದಲ್ಲಿ ಇಳ್ಕೊಂಡಿರ್ತವಲ್ಲ, ತಾಲೀಮಿಗೆ ಅಂತ ಬೆಳಗ್ಗೆ ಸಂಜೆ ಸಯ್ಯಾಜಿರಾವ್ ರೋಡಲ್ಲಿ ಬನ್ನಿಮಂಟಪದ ತನಕ ನಡೀತಾವೆ. ಬೆಳಗ್ಗೆ ಹೊತ್ತು ರೋಡ್ ಪಕ್ಕ ದೂರದಲ್ಲಿ ಮಗೂನ ಎತ್ಕೊಂಡು ನಿಂತ್ರೆ ಸಾಕು, ಟಿಕೆಟ್ ಇಲ್ಲ, ಕ್ಯೂ ಇಲ್ಲ, ಹದಿನೈದು ನಿಮಿಷದಲ್ಲಿ ಇಡೀ ಸಾಲು ಕಣ್ಮುಂದೆ ಹಾದು ಹೋಗತ್ತೆ, ಒಂಬತ್ತಕ್ಕೆ ಮನೇಲಿರ್ತೀರ. ಹೋದ ಸಲ ನಾವು ಹಾಗೇ ಹೋಗಿ ಬಂದ್ವಿ. ಅವಳು ಆಗ ಏನೂ ಮಾತಾಡಲಿಲ್ಲ, ಬಾಯಿ ತೆಕ್ಕೊಂಡು ನೋಡ್ತಾನೇ ಇದ್ಲು. ಮಧ್ಯಾಹ್ನ ಸರಿಯಾಗಿ ಒಂದಕ್ಕೆ ಮಲಗಿದ್ಲು. ಎದ್ದು ಬಂದು ಅಡುಗೆಮನೆ ಚಮಚ ಎಲ್ಲಾ ಹಾಲ್‌ನಲ್ಲಿ ಸಾಲಾಗಿ ಇಟ್ಟು, ಎಲ್ಲಕ್ಕಿಂತ ದೊಡ್ಡ ಸೌಟಿನ ಮೇಲೆ ಅಜ್ಜಿ ಕನ್ನಡಕದ ಡಬ್ಬಿ ಕೂರಿಸಿ, ಜಾಗ ಬಿಡಿ ಜಾಗ ಬಿಡಿ ಅಂತ ನಮ್ಮನ್ನೆಲ್ಲಾ ಗೋಡೆ ಪಕ್ಕ ನಿಲ್ಲಿಸಿದ್ಲು.